ಕನ್ನಡದಲ್ಲಿ ಸುವಾರ್ತೆ: ಸಾರಿದವರು, ಕೇಳಿದವರು

ಫ್ರೆಂಚ್ ಪಾದ್ರಿ ಆಬೆ ದುಬುವಾ ಮೈಸೂರು ಸೀಮೆಯಲ್ಲಿ ಬಹುಕಾಲ ಕಳೆದವರು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಾಗ ಅದರಲ್ಲಿದ್ದ ತೀರ್ಮಾನ ನೇರವಾಗಿತ್ತು: ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ. ಬೈಬಲನ್ನು ತರ್ಜುಮೆ ಮಾಡಿ ಹಂಚಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂದೂ ಅವರು ಸೇರಿಸಿದ್ದರು. ಪ್ರಾಟೆಸ್ಟಂಟ್ ಮಿಷನರಿಗಳು ಕೆರಳಿ ಖಂಡನೆಯ ಪುಸ್ತಕಗಳನ್ನೇ ಬರೆದರು. ಅದೇ ಹೊತ್ತಿನಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದೇ ತರ್ಜುಮೆಯ ಕೆಲಸದಲ್ಲಿ ಮುಳುಗಿದ್ದರು. 1810ರಲ್ಲಿ ಅಲ್ಲಿಗೆ ಬಂದವರ ಶ್ರಮ ಇಡೀ ಕನ್ನಡ ಬೈಬಲಾಗಿ ಹೊರಬರುವಾಗ 1831 ಆಗಿತ್ತು.

ದುಬುವಾ ಹೇಳಿದ್ದು ನಿಜವಾಯಿತೇ? 2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರು ಸುಮಾರು 11.43 ಲಕ್ಷ, ಅಂದರೆ ಶೇ. 1.87. ಅವರಲ್ಲೂ ಅನೇಕರು ಗೋವೆಯ ಕಡೆಯಿಂದ ಶತಮಾನಗಳ ಹಿಂದೆ ವಲಸೆ ಬಂದ ಕೊಂಕಣಿ ಕಥೋಲಿಕರ ವಂಶದವರು, ಇಲ್ಲವೇ ತಮಿಳು, ಮಲಯಾಳ, ತೆಲುಗು ಮನೆಮಾತಿನವರು. ತಲೆ ಎಣಿಸುವುದಾದರೆ ದುಬುವಾ ಮಾತು ಪೂರ್ತಿ ಸುಳ್ಳಾಗಿಲ್ಲ. ಆದರೆ ಸುವಾರ್ತೆ ಸಾರುವ ಕೆಲಸದ ಚರಿತ್ರೆಯನ್ನು ಬರೀ ತಲೆ ಎಣಿಸಿ ಬರೆಯಲಾಗದು. ಈ ಇನ್ನೂರು ವರ್ಷಗಳಲ್ಲಿ ಯಾರು ಯಾರಿಗೆ ಏನನ್ನು ಯಾವ ದನಿಯಲ್ಲಿ ಹೇಳಿದರು ಎಂಬುದು ಹಲವು ಸಲ ಬದಲಾಗಿದೆ. ಹಾಗೆ ನೋಡುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕನ್ನಡವನ್ನು ಮೊದಲು ಕಿವಿಗೊಟ್ಟು ಕೇಳಿದವರ ಮಾತಿಗೆ ಇಲ್ಲಿ ಬೆಲೆ ಬಂದಿದೆ. ಉಳಿದವರದು ಬಂದ ದಾರಿಯಲ್ಲೇ ಹೋಗಿದೆ.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಗೊಂಡು ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಹೆಬಿಕ್ ಜಾತ್ರೆಗಳ ಉಪದೇಶಿ. ಉದ್ದ ಗಡ್ಡ ಬಿಟ್ಟ ಈ ಜರ್ಮನ್ ಸಾಧು ಉತ್ತರ ಮಲಬಾರಿನ ಜಾತ್ರೆಗಳ ಜನಸಂದಣಿಯಲ್ಲಿ ನಿಂತು ಗಂಟೆಗಟ್ಟಲೆ ಬೋಧಿಸುತ್ತಿದ್ದರು. ಇಲ್ಲಿಯ ಭಾಷೆಗಳು ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ದುಭಾಷಿ ಪಕ್ಕದಲ್ಲಿ ನಿಂತು ವಾಕ್ಯ ವಾಕ್ಯವಾಗಿ ತಿರುಗಿಸಿ ಹೇಳಬೇಕಿತ್ತು. ಕೇಳುಗರು ಕೆಲವೊಮ್ಮೆ ಕಲ್ಲುಮಣ್ಣು ತೂರಿದ್ದೂ ಉಂಟು.

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಬೇರೆಯೇ ಜಾಡಿನ ಮನುಷ್ಯ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅವರು 1843ರ ಜುಲೈ 1ರಂದು ಹೊರಡಿಸಿದರು. ಕಲ್ಲಚ್ಚಿನ ಆ ಪುಟ್ಟ ಪತ್ರಿಕೆಯಲ್ಲಿ ಊರ ವರ್ತಮಾನ, ಸರ್ಕಾರದ ನಿರೂಪ, ಬುದ್ಧಿಮಾತು, ಕಥೆ ಎಲ್ಲ ಇದ್ದವು. ಜೊತೆಗೆ ಪುರಂದರದಾಸರ ಪದವೂ ಇತ್ತು. ಕ್ರಿಸ್ತನನ್ನು ಸಾರಲು ಬಂದವನ ಪತ್ರಿಕೆಯಲ್ಲಿ ವಿಠ್ಠಲನ ಹಾಡು! ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ಇದನ್ನೆಲ್ಲ ಬರೀ ಕನ್ನಡಾಭಿಮಾನ ಎಂದು ಹೊಗಳುವುದು ನಮಗೆ ರೂಢಿಯಾಗಿದೆ. ಆದರೆ ಇಲ್ಲಿಯವರು ಏನನ್ನು ನಂಬುತ್ತಾರೆ ಎಂದು ತಿಳಿಯದೆ ಅವರೊಡನೆ ನಂಬಿಕೆಯ ಮಾತಾಡಲಾಗದು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಆ ಲೆಕ್ಕಾಚಾರದಿಂದ ಲಾಭ ಹೆಚ್ಚಾಗಿ ಕನ್ನಡಕ್ಕೇ ಆಯಿತು.

ಆದರೆ ಮತಾಂತರವೆಂಬುದು ಆಗಲೂ ಸಲೀಸಾಗಿರಲಿಲ್ಲ. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕುದಿಯಿತು. ಅವರು ಮುಂದೆ ಬಾಸೆಲ್‌ನಲ್ಲಿ ಓದಿ ಗುರುದೀಕ್ಷೆ ಪಡೆದು ಮರಳಿದರು. ಮತ ಬದಲಿಸಿದವರಲ್ಲಿ ಬಹುಪಾಲಿನವರು ಕೌಂಡಿನ್ಯರಂತಲ್ಲ, ಗೇಣಿಗೆ ದುಡಿಯುವ ಬಡವರು. ಜಾತಿ ಹೊರಹಾಕಿದರೆ ಗೇಣಿಯೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಅವರಿಗೆ ಅನ್ನದ ದಾರಿ ತೋರಿಸಲು ಮಿಷನ್ ನೇಯ್ಗೆ ಕಾರ್ಖಾನೆ ತೆರೆಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಮಂಗಳೂರು ಹಂಚು ಊರೂರಿನ ಮಾಡಿಗೇರಿತು. ಅದರ ಜೊತೆಯಲ್ಲೇ ‘ಹೊಟ್ಟೆಪಾಡಿಗೆ ಮತ ಬಿಟ್ಟರು’ ಎಂಬ ಚುಚ್ಚುಮಾತೂ ಹುಟ್ಟಿಕೊಂಡಿತು. ಇಂದಿನ ‘ಆಮಿಷ’ದ ಆರೋಪದ ಬೇರು ಇಷ್ಟು ಹಳೆಯದು.

ಫರ್ಡಿನೆಂಡ್ ಕಿಟೆಲ್ ಅವರನ್ನು ನಾವು 1894ರ ನಿಘಂಟಿಗಾಗಿ ನೆನೆಯುತ್ತೇವೆ. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಿದ ಅವರ ‘ಕಥಾಮಾಲೆ’ 1862ರಲ್ಲೇ ಬಂದಿತ್ತೆಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಈ ಮನುಷ್ಯ ಉಪದೇಶಕ್ಕಿಂತ ಹಳಗನ್ನಡದ ಓಲೆಗರಿಗಳಲ್ಲೇ ಮುಳುಗಿದ್ದಾನೆಂಬ ಗೊಣಗಾಟ ಮಿಷನ್ನಿನ ಒಳಗೇ ಇತ್ತು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಅದೇ ಮಿಷನ್ನುಗಳ ಅಚ್ಚುಕೂಟಗಳಿಂದ ವಿಗ್ರಹಾರಾಧನೆಯನ್ನು ಗೇಲಿಮಾಡುವ ಕರಪತ್ರಗಳೂ ರಾಶಿರಾಶಿಯಾಗಿ ಹೊರಬಂದವು. ಅವನ್ನು ಇಂದು ಓದಿದರೆ ಕ್ರೈಸ್ತರಿಗೇ ಮುಜುಗರವಾಗುತ್ತದೆ.

ಇಪ್ಪತ್ತನೆಯ ಶತಮಾನದ ಕಥೆಯನ್ನು ಸಾಮಾನ್ಯವಾಗಿ 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಿಂದ, 1938ರ ತಾಂಬರಂ ಸಮ್ಮೇಳನದಿಂದ ಹೇಳುತ್ತಾರೆ. ಎಡಿನ್‌ಬರೋದಲ್ಲಿ ಭಾರತದ ವಿ.ಎಸ್. ಅಜರಯ್ಯ ಬಿಳಿಯ ಮಿಷನರಿಗಳನ್ನು ಎದುರಿಗೇ ಕೇಳಿದ್ದು ಇಷ್ಟು: ನಿಮ್ಮ ತ್ಯಾಗ ಕಂಡಿದ್ದೇವೆ, ಇನ್ನು ಸ್ನೇಹ ಕೊಡಿ. ಅತ್ತ ತಾಂಬರಂನಲ್ಲಿ ಡಚ್ ಪಂಡಿತ ಕ್ರೇಮರ್ ಸುವಾರ್ತೆಗೂ ಉಳಿದ ಧರ್ಮಗಳಿಗೂ ನಡುವೆ ಗೆರೆ ಎಳೆದರು. ಭಾರತೀಯ ಕ್ರೈಸ್ತ ಚಿಂತಕ ಚೆಂಚಯ್ಯ ಮತ್ತು ಅವರ ಮದ್ರಾಸಿನ ಗೆಳೆಯರು ಆ ಗೆರೆಯನ್ನು ಒಪ್ಪಲಿಲ್ಲ. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಕನ್ನಡದ ಮಟ್ಟಿಗೆ ನನಗೆ ಇವಕ್ಕಿಂತ ದೊಡ್ಡದಾಗಿ ಕಾಣುವುದು ಉತ್ತಂಗಿ ಚನ್ನಪ್ಪನವರ ಬದುಕು.

1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಬಾಸೆಲ್ ಮಿಷನ್ನಿನ ಸಭಾಪಾಲಕರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಿರುಗುತ್ತ ಅವರು ಕ್ರಿಸ್ತನ ಮಾತನ್ನು ಕೊಟ್ಟರು, ಸರ್ವಜ್ಞನ ಮಾತನ್ನು ಪಡೆದರು. ಓಲೆಗರಿ, ಕೈಬರಹ, ಹಳ್ಳಿಗರ ಬಾಯಿ ಎಲ್ಲವನ್ನೂ ಜಾಲಾಡಿ ಕೂಡಿಸಿದ ‘ಸರ್ವಜ್ಞನ ವಚನಗಳು’ 1924ರಲ್ಲಿ ಹೊರಬಂತು. ಬಳಿಕ ಶರಣರ ವಚನಗಳಿಗೂ ಅನುಭವ ಮಂಟಪಕ್ಕೂ ಅವರ ಅಧ್ಯಯನ ಹಬ್ಬಿತು. ತಮ್ಮ ನಂಬಿಕೆಯನ್ನು ಹಿಂದೂ ಓದುಗರ ಮುಂದಿಡಲು ಅವರು ಬರೆದ ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಯೇ ಅಧ್ಯಕ್ಷ. ಕ್ರೈಸ್ತನಾಗಿಯೇ ಉಳಿದು, ಅದನ್ನು ಮುಚ್ಚಿಡದೆ, ಲಿಂಗಾಯತ ಮಠಗಳಲ್ಲೂ ಸಾಹಿತ್ಯ ಸಭೆಗಳಲ್ಲೂ ಗೌರವ ಪಡೆದ ಮನುಷ್ಯ. ಅದೇ ಕಾಲದಲ್ಲಿ ಮಂಜೇಶ್ವರದ ಗೋವಿಂದ ಪೈ ಯೇಸುವಿನ ಶಿಲುಬೆಯ ಮರಣವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಬರೆದರು. ಪೈಗಳಿಗೆ ದೀಕ್ಷಾಸ್ನಾನವೂ ಬೇಕಿರಲಿಲ್ಲ, ಉಪದೇಶಿಯೂ ಬೇಕಿರಲಿಲ್ಲ. ಚರ್ಚಿನ ಹೊರಗೆ ಕ್ರಿಸ್ತನ ಕಥೆ ಎಷ್ಟು ದೂರ ನಡೆದಿತ್ತು ಎಂಬುದಕ್ಕೆ ಆ ಕಾವ್ಯಕ್ಕಿಂತ ಬೇರೆ ಪುರಾವೆ ಬೇಡ.

ಸ್ವಾತಂತ್ರ್ಯ ಬಂದಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಧರ್ಮ ಪ್ರಚಾರದ ಹಕ್ಕಿನ ಮೇಲೆ ಬಿಸಿ ಚರ್ಚೆ ನಡೆಯಿತು. ಹಕ್ಕು 25ನೆಯ ವಿಧಿಯಲ್ಲಿ ಉಳಿಯಿತು. ಆದರೆ ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂದಿಗೂ ಎರಡೂ ಕಡೆಯವರು ವಾದಿಸುವುದು ಈ ಎರಡರ ನಡುವಿನ ಇಕ್ಕಟ್ಟಿನ ಜಾಗದಲ್ಲೇ.

ಚರ್ಚಿನ ಒಳಗೂ ಗಾಳಿ ಬದಲಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯುವಾಗ ಬೇರೆ ಧರ್ಮಗಳಲ್ಲಿರುವ ಸತ್ಯವನ್ನು ಗೌರವಿಸಬೇಕೆಂದು ಕಥೋಲಿಕರಿಗೆ ಹೇಳಿತು. ಪೂಜೆ ಲ್ಯಾಟಿನ್ನಿನಿಂದ ದೇಶಭಾಷೆಗಿಳಿಯಿತು. ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ ಇದರ ಪ್ರಯೋಗಶಾಲೆಯಾಯಿತು. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳ ಪ್ರಕಾರ ಗುರುಗಳು ಚಪ್ಪಲಿ ಕಳಚಿ ನೆಲದ ಮೇಲೆ ಕುಳಿತು, ಕೈಮುಗಿದು ವಂದಿಸಿ, ಆರತಿ ಬೆಳಗಿ ಪೂಜೆ ಅರ್ಪಿಸಬಹುದಾಗಿತ್ತು. ಹಳೆಯ ಕಥೋಲಿಕರು ‘ನಮ್ಮನ್ನು ಹಿಂದೂಗಳನ್ನಾಗಿ ಮಾಡುತ್ತಿದ್ದೀರಿ’ ಎಂದು ಸಿಟ್ಟಾದರು. ಹಿಂದೂ ಸಂಘಟನೆಗಳ ಕಣ್ಣಿಗೆ ಇದು ವೇಷ ಹಾಕಿದ ಮತಾಂತರವಾಗಿ ಕಂಡಿತು. ಇನ್ನೂ ಹರಿತವಾದ ಪ್ರಶ್ನೆ ದಲಿತ ಕ್ರೈಸ್ತರದು: ನೀವು ಭಾರತೀಯತೆ ಎಂದು ತಂದುಕೊಂಡದ್ದು ಯಾರ ಸಂಸ್ಕೃತಿಯನ್ನು? ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಒಂದು ಶಾಖೆಯಾಗಿಯೇ ಬೆಳೆಯಿತು. ಚರ್ಚಿಗೆ ಬಂದವರಲ್ಲಿ ಬಹುಪಾಲು ಯಾರು, ಅವರು ಯಾವುದರಿಂದ ಬಿಡುಗಡೆ ಬಯಸಿ ಬಂದರು ಎಂಬುದನ್ನು ಪಂಡಿತರು ಅಷ್ಟು ತಡವಾಗಿ ಕೇಳಿಕೊಂಡದ್ದು ಆಶ್ಚರ್ಯ.

ಧರ್ಮಗಳ ನಡುವಿನ ಸಂವಾದದ ವಿಚಾರದಲ್ಲಿ ಜಗತ್ತಿಗೇ ದಾರಿ ತೋರಿದವರು ನಮ್ಮ ಕಾರ್ಕಳದವರು. 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವರು. 1971ರಲ್ಲಿ ಜಿನೀವಾದ ಜಾಗತಿಕ ಚರ್ಚುಗಳ ಮಂಡಲಿ ಬೇರೆ ಧರ್ಮದವರೊಡನೆ ಸಂವಾದಕ್ಕೆಂದೇ ತೆರೆದ ವಿಭಾಗಕ್ಕೆ ಅವರೇ ಮೊದಲ ನಿರ್ದೇಶಕ. ನೆರೆಯವನ ನಂಬಿಕೆಯನ್ನು ಗೆಲ್ಲಬೇಕಾದ ಕೋಟೆಯಂತೆ ನೋಡುವುದನ್ನು ಬಿಡಿ ಎಂಬುದು ಅವರ ವಾದದ ತಿರುಳು. ಮಧುರೈ, ಮದ್ರಾಸುಗಳಲ್ಲಿ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಇದನ್ನು ಒಪ್ಪಲಿಲ್ಲ. ಎಲ್ಲರ ಮಾತಿಗೂ ಸಮನಾದ ತೂಕ ಕೊಟ್ಟರೆ ಹೇಳಲು ನಮ್ಮಲ್ಲಿ ಏನು ಉಳಿಯುತ್ತದೆ ಎಂಬುದು ಅವರ ಆಕ್ಷೇಪ. ಅದೇ ನ್ಯೂಬಿಗಿನ್ 1974ರಲ್ಲಿ ಇಂಗ್ಲೆಂಡಿಗೆ ಮರಳಿ, ಈಗ ಮಿಷನರಿಗಳು ಬೇಕಾಗಿರುವುದು ಈ ದೇಶಕ್ಕೇ ಎಂದು ಬರೆಯತೊಡಗಿದ್ದು ಬೇರೆ ಮಾತು.

ಪಂಡಿತರ ಈ ಜಗ್ಗಾಟದ ಗೊಡವೆಯೇ ಇಲ್ಲದೆ ಊರುಕೇರಿಗಳಲ್ಲಿ ಇನ್ನೊಂದು ಪ್ರವಾಹ ಹರಿಯುತ್ತಿತ್ತು. 1965ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಯೂರಿದ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್ ವಿದೇಶಿ ಮಿಷನರಿಯ ಜಾಗದಲ್ಲಿ ಭಾರತೀಯನನ್ನು ನಿಲ್ಲಿಸಿತು. ಸೇಶೆಲ್ಸ್ ದ್ವೀಪದಿಂದ ಫೆಬಾ ರೇಡಿಯೊ ಭಾರತದ ಭಾಷೆಗಳಲ್ಲಿ ಮಾತಾಡಿತು. 1978ರ ತೆಲುಗು ಚಿತ್ರ ‘ಕರುಣಾಮಯುಡು’ ಹಲವು ಭಾಷೆಗಳಿಗೆ ಡಬ್ ಆಗಿ ಹಳ್ಳಿಗಳ ಬಯಲಲ್ಲಿ ಬಿಳಿ ಪರದೆ ಕಟ್ಟಿದಲ್ಲೆಲ್ಲ ಓಡಿತು. ಆಮೇಲೆ ಪೆಂತೆಕೋಸ್ತ್ ಸಭೆಗಳ ಕಾಲ.

ಇಂದು ಬೆಂಗಳೂರಿನ ಹೊರವಲಯದ ಯಾವುದೇ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ಇಂಥ ಸಭೆ ಕಾಣಸಿಗುತ್ತದೆ. ಶೀಟ್ ಹೊದಿಸಿದ ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ, ಕೀಬೋರ್ಡ್, ರಿದಂ ಪ್ಯಾಡ್, ಯೂಟ್ಯೂಬ್ ಲೈವ್‌ಗೆಂದು ಸ್ಟ್ಯಾಂಡಿಗೇರಿಸಿದ ಮೊಬೈಲು. ಪ್ರಸಂಗಕ್ಕೆ ಮೊದಲು ‘ಸಾಕ್ಷಿ’ ಹೇಳುವ ಹೊತ್ತು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಎದ್ದು ಮೈಕ್ ಹಿಡಿಯುತ್ತಾಳೆ. ಗಂಡನ ಕುಡಿತ, ಸಾಲ, ಡಾಕ್ಟರು ಕೈಬಿಟ್ಟ ಕಾಯಿಲೆ, ಪ್ರಾರ್ಥನೆಗೆ ಬಾ ಎಂದು ಕರೆದ ಪಕ್ಕದ ಮನೆಯಾಕೆ, ಆಮೇಲೆ ಮನೆಯಲ್ಲಿ ಸಮಾಧಾನ. ಹೆಚ್ಚಿನ ಸಾಕ್ಷಿಗಳ ಜಾಡು ಇದೇ. ಅವಳು ಹೇಳುವುದರಲ್ಲಿ ತರ್ಕವಿಲ್ಲ, ಸಿದ್ಧಾಂತವಿಲ್ಲ, ಬೇರೆ ದೇವರುಗಳ ಖಂಡನೆಯೂ ಬಹುಪಾಲು ಇಲ್ಲ. ತನಗೆ ಆದದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ, ಅಷ್ಟೇ. ಸಮಕಾಲೀನ ಸುವಾರ್ತೆಯ ನಿಜವಾದ ಪ್ರಚಾರಕಿ ಇವಳೇ ಎಂದು ನನಗನ್ನಿಸುತ್ತದೆ. ಇದೇ ಪ್ರವಾಹದಲ್ಲಿ ಕಸವೂ ಇದೆ. ಕಾಣಿಕೆ ಕೊಟ್ಟರೆ ಐಶ್ವರ್ಯ ಬರುತ್ತದೆಂಬ ಬೋಧನೆ, ಮಾತ್ರೆ ಬಿಟ್ಟು ಪ್ರಾರ್ಥಿಸಿ ಎಂಬ ಬೇಜವಾಬ್ದಾರಿ, ತಾವಷ್ಟೇ ನಿಜವಾದ ಕ್ರೈಸ್ತರೆಂಬ ಹಮ್ಮು. ಹಳೆಯ ಚರ್ಚುಗಳು ಇದನ್ನೆಲ್ಲ ಹಿಂದಿನಿಂದ ಬೈಯುತ್ತವೆ, ತಮ್ಮ ಯುವಕರು ಅತ್ತ ಹೋಗುವುದನ್ನು ತಡೆಯಲಾಗದೆ ನೋಡುತ್ತವೆ.

2008ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕನ್ನಡ ಮತ್ತು ಸುತ್ತಲ ಜಿಲ್ಲೆಗಳಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಹಿಂದೂ ದೇವತೆಗಳನ್ನು ಹೀಗಳೆದಿದೆ ಎನ್ನಲಾದ ಒಂದು ಪುಸ್ತಿಕೆ ನೆಪವಾಗಿತ್ತು. ಆ ಪುಸ್ತಿಕೆಗೂ ತಮಗೂ ಸಂಬಂಧವೇ ಇಲ್ಲದ ಕಥೋಲಿಕ ಸನ್ಯಾಸಿನಿಯರ ಪ್ರಾರ್ಥನಾಲಯವೂ ಮಂಗಳೂರಿನಲ್ಲಿ ದಾಳಿಗೀಡಾಯಿತು. ಒಳಗಿನವರಿಗೆ ದೊಡ್ಡದಾಗಿ ಕಾಣುವ ಪಂಗಡಭೇದ ಹೊರಗಿನವರಿಗೆ ಕಾಣುವುದೇ ಇಲ್ಲ. ಅದೇ ವರ್ಷ ಎಸ್.ಎಲ್. ಭೈರಪ್ಪನವರ ಲೇಖನದಿಂದ ‘ವಿಜಯ ಕರ್ನಾಟಕ’ದಲ್ಲಿ ಮತಾಂತರದ ಚರ್ಚೆ ವಾರಗಟ್ಟಲೆ ನಡೆಯಿತು. ಪರ, ವಿರೋಧ ಎರಡೂ ಜೋರಾಗಿಯೇ ಇದ್ದವು. ಆದರೆ ಮತ ಬದಲಿಸಿದ ಬಡವರ ದನಿ ಮಾತ್ರ ಅಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಸಾರುವವನ ಜೊತೆಗೆ ಕೇಳುವವನನ್ನೂ ಕಟ್ಟಿಹಾಕಿತು. ಮತ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯಬೇಕು ಎಂದು ಅದು ಹೇಳಿತು. ರಕ್ತಸಂಬಂಧಿಗಳಲ್ಲದೆ ಸಹೋದ್ಯೋಗಿಯೂ ದೂರು ಕೊಡಬಹುದು ಎಂದಿತು. ಆ ಕಾಯ್ದೆಯನ್ನು ಹಿಂಪಡೆಯುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಗದದ ಮೇಲೆ ಕಾಯ್ದೆ ಇರಲಿ ಬಿಡಲಿ, ಅದರ ಭಯ ಊರೊಳಗೆ ಇಳಿದಾಗಿದೆ. ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುವವರು ಈಗ ಹಾಡುವಾಗ ಕಿಟಕಿ ಮುಚ್ಚುತ್ತಾರೆ. ಕರಪತ್ರ ಹಂಚುವುದು ಕಡಿಮೆಯಾಗಿ ಬೈಬಲ್ ಆಪ್, ವಾಟ್ಸಾಪ್ ವಚನ, ರೀಲ್ಸ್ ಆ ಜಾಗಕ್ಕೆ ಬಂದಿವೆ. ಕೊರೊನಾ ಕಾಲದಲ್ಲಿ ಅನಿವಾರ್ಯಕ್ಕೆ ಶುರುವಾದದ್ದು ಈಗ ಅಭ್ಯಾಸವೇ ಆಗಿದೆ.

ಈ ಕ್ಷೇತ್ರದ ಈಗಿನ ದೊಡ್ಡ ಕೊರತೆ ಕಾನೂನಿನದ್ದೂ ಅಲ್ಲ, ಹಣದ್ದೂ ಅಲ್ಲ, ವಿಚಾರದ್ದು. ಬೆಂಗಳೂರು ಇಡೀ ದೇಶದ ದೇವಶಾಸ್ತ್ರದ ರಾಜಧಾನಿಯಂತಿದೆ, ಆದರೆ ಅಲ್ಲಿಯ ಚಿಂತನೆ ನಡೆಯುವುದು ಇಂಗ್ಲಿಷಿನಲ್ಲಿ. ಕಾರ್ಕಳದ ಸಮರ್ಥರು ತಮ್ಮ ಮುಖ್ಯ ಗ್ರಂಥಗಳನ್ನು ಬರೆದದ್ದೂ ಇಂಗ್ಲಿಷಿನಲ್ಲೇ. ಶೀಟ್ ಹಾಲಿನ ಪಾಸ್ಟರಿಗೆ ಅದು ತಲುಪುವುದಿಲ್ಲ. ಅವನಿಗೆ ಸಿಗುವುದು ತಮಿಳು, ತೆಲುಗು ಪ್ರಸಂಗಗಳ ಯೂಟ್ಯೂಬ್ ವಿಡಿಯೊ. ವಚನ, ದಾಸರ ಪದ, ತತ್ತ್ವಪದ ಕೇಳಿ ಬೆಳೆದ ನೆರೆಯವನೊಡನೆ ಏನು ಮಾತಾಡಬೇಕೆಂದು ಅವನಿಗೆ ಕನ್ನಡದಲ್ಲಿ ಹೇಳಿಕೊಡುವವರು ವಿರಳ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡದಲ್ಲಿ ಪಾಠ ಹೇಳುವ ಕೆಲಸವನ್ನು ನಡೆಸಿಕೊಂಡು ಬಂದಿದೆ. ಅಂಥ ಇನ್ನೂ ನಾಲ್ಕು ಕಡೆ ಬೇಕು. ನಮ್ಮ ಸಭಾಪ್ರಾಂತ್ಯಗಳೂ ಧರ್ಮಪ್ರಾಂತ್ಯಗಳೂ ಸಮಾವೇಶಗಳ ಪೆಂಡಾಲಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿಸಿ ಮೊದಲು ಉತ್ತಂಗಿಯವರ ಬರಹಗಳನ್ನು ಮತ್ತೆ ಅಚ್ಚುಹಾಕಿಸಲಿ, ಸಮರ್ಥರನ್ನು ಕನ್ನಡಕ್ಕೆ ತರಲಿ.