ಜೇಡರ ಬಲೆಯ ಚಿನ್ನದ ಸೂತ್ರ

ಡಾ. ರಾಜ್‌ಕುಮಾರ್ ಅವರ ಕೈಗೆ ಗೂಢಚಾರನ ಪಿಸ್ತೂಲು ಕೊಟ್ಟ ಚಿತ್ರ 1968ರ ‘ಜೇಡರ ಬಲೆ’. ದೊರೆ-ಭಗವಾನ್ ಜೋಡಿ ನಿರ್ದೇಶಿಸಿದ ಈ ಚಿತ್ರದಲ್ಲಿ ಸಿಐಡಿ 999 ಇಷ್ಟೆಲ್ಲ ಹೊಡೆದಾಡುವುದು ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯೊಬ್ಬನ ಸೂತ್ರಕ್ಕಾಗಿ. ಅಂಥ ಸೂತ್ರ ಸಾಧ್ಯವೇ?

ಕಲ್ಪನೆಯೇನೂ ಹೊಸದಲ್ಲ. ಪರುಷ ಸೋಂಕಿದ ಕಬ್ಬಿಣ ಹೊನ್ನಾಗುವ ಮಾತು ನಮ್ಮ ವಚನಕಾರರಿಗೂ ಪರಿಚಿತ. ಪಾದರಸ ಕಾಯಿಸುತ್ತಲೇ ಆಯುಷ್ಯ ಕಳೆದ ರಸವಾದಿಗಳಿಗೆ ಲೆಕ್ಕವಿಲ್ಲ. ಅವರೇಕೆ ಸೋತರು ಎಂಬುದನ್ನು ಹರಿಹರದವರಿಗೆ ಹೇಳುವುದು ಸುಲಭ. ಅಲ್ಲಿ ತಯಾರಾಗುತ್ತಿದ್ದ ಮೈಸೂರು ಕಿರ್ಲೋಸ್ಕರ್ ಲೇತಿಗೆ ಕಬ್ಬಿಣ ಕೊಟ್ಟರೆ ಉದುರುವ ಸುರುಳಿಯೂ ಕಬ್ಬಿಣವೇ. ಕುಲುಮೆ, ಆಮ್ಲಗಳ ಕಥೆಯೂ ಅಷ್ಟೇ. ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳಾಚೆಗೆ ಅವುಗಳ ಆಟ ನಡೆಯದು. ಲೋಹ ಯಾವುದೆಂದು ನಿರ್ಧರಿಸುವುದು ಪರಮಾಣುವಿನ ಬೀಜದೊಳಗಿನ ಪ್ರೋಟಾನುಗಳು. ಕಬ್ಬಿಣಕ್ಕೆ 26, ಚಿನ್ನಕ್ಕೆ 79.

ಬೀಜಕ್ಕೇ ಕೈ ಹಾಕಿದರೆ? ಆಗ ಚಿನ್ನ ಸಿಗುತ್ತದೆ! 1941ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಪಾದರಸಕ್ಕೆ ನ್ಯೂಟ್ರಾನುಗಳನ್ನು ಹೊಡೆದು ಚಿನ್ನ ಪಡೆದರು. ಆದರೆ ಅದು ವಿಕಿರಣ ಸೂಸುವ ಚಿನ್ನ. ದಿನಗಳೊಳಗೆ ಮತ್ತೆ ಪಾದರಸವಾಗುವ ಜಾತಿಯದು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ಬೀಜಗಳು ಬೆಳಕಿನ ವೇಗದ ಸಮೀಪದಲ್ಲಿ ಒಂದನ್ನೊಂದು ಸವರಿಕೊಂಡು ಹೋದಾಗ, ಅವುಗಳ 82 ಪ್ರೋಟಾನುಗಳಲ್ಲಿ ಮೂರು ಕಳಚಿ ಚಿನ್ನ ಹುಟ್ಟಿದ್ದನ್ನು 2025ರಲ್ಲಿ ಪ್ರಕಟಿಸಿದರು. 2015ರಿಂದ 2018ರವರೆಗಿನ ಒಟ್ಟು ಗಳಿಕೆ, ಒಂದು ಗ್ರಾಂ ಚಿನ್ನವನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಅದೂ ಕ್ಷಣಮಾತ್ರವೂ ಉಳಿಯಲಿಲ್ಲ. ದಾವಣಗೆರೆಯ ಯಾವ ಅಕ್ಕಸಾಲಿಗನ ತಕ್ಕಡಿಯೂ ಅದಕ್ಕೆ ಅಲುಗದು.

ಚಿತ್ರದ ಖಳರು ಇನ್ನೊಂದು ಲೆಕ್ಕವನ್ನೂ ಹಾಕಿದಂತಿಲ್ಲ. ಸೂತ್ರ ಫಲಿಸಿ ಚಿನ್ನ ರಾಶಿ ಬಿದ್ದಿದ್ದರೆ ಅದಕ್ಕೆ ಈ ಬೆಲೆ ಎಲ್ಲಿ ಉಳಿಯುತ್ತಿತ್ತು?

ಆದರೂ ಅಂದಿನ ಪ್ರೇಕ್ಷಕನಿಗೆ ಈ ಕಥೆ ತೀರ ದೂರದ್ದೆನಿಸಿರಲಾರದು. ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದಿದ್ದರು. 14 ಕ್ಯಾರೆಟ್‌ಗಿಂತ ಶುದ್ಧ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿರಲಿಲ್ಲ. 22 ಕ್ಯಾರೆಟ್ ತಾಳಿಗೆ ಒಗ್ಗಿದ್ದ ಮನೆಗಳು ಅದನ್ನು ಒಪ್ಪಲಿಲ್ಲ. ಅಕ್ಕಸಾಲಿಗರು ದೇಶದುದ್ದಕ್ಕೂ ಕೆಲಸ ಕಳೆದುಕೊಂಡರು, ಕಳ್ಳಸಾಗಣೆದಾರರು ಕೊಬ್ಬಿದರು. 1966ರಲ್ಲಿ ಕ್ಯಾರೆಟ್ ನಿರ್ಬಂಧ ಸಡಿಲವಾಯಿತಾದರೂ, ‘ಜೇಡರ ಬಲೆ’ ತೆರೆಕಂಡ ವರ್ಷವೇ ಬಂದ ಚಿನ್ನ ನಿಯಂತ್ರಣ ಕಾಯ್ದೆ ಜನ ಗಟ್ಟಿ ಚಿನ್ನ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಅದು ರದ್ದಾದದ್ದು 1990ರಲ್ಲಿ.