ಮೂರು ಬಾರಿ ಹೇಳಿದ ಮಾತು

ಅಗರದಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಚಾಲಕನ ಕಣ್ಣು ಎಳೆದರೆ ಮುಂದಿನ ಸೀಟಿನ ಅಜ್ಜಿಯೇ 'ಯಾಕಪ್ಪ, ತೂಕಡಿಸ್ತಿದ್ದೀಯಾ?' ಎಂದು ಗದರುತ್ತಾರೆ. ಅವನು ಗಾಡಿ ನಿಲ್ಲಿಸಿ ಮುಖ ತೊಳೆದು ಬರುತ್ತಾನೆ. ಯಾರ ಮರ್ಯಾದೆಯೂ ಹೋಗುವುದಿಲ್ಲ. ವಿಮಾನದಲ್ಲಿ ಇದು ಅಷ್ಟು ಸಲೀಸಲ್ಲ ಎಂಬುದು ನಮಗೆ ತಿಳಿದದ್ದು ಮಂಗಳೂರಿನಲ್ಲಿ, 2010ರ ಮೇ 22ರ ಬೆಳಿಗ್ಗೆ.

ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಮಂದಿಯಿದ್ದರು. ಗಲ್ಫಿನಲ್ಲಿ ದುಡಿದು ಊರಿಗೆ ಮರಳುತ್ತಿದ್ದ ಕರಾವಳಿ ಮತ್ತು ಕಾಸರಗೋಡಿನವರೇ ಹೆಚ್ಚು. ಬದುಕಿ ಉಳಿದವರು 8 ಮಂದಿ. ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯೇ ಕಾರಣವೆಂದು ಆ ದಿನಗಳಲ್ಲಿ ನಾವೆಲ್ಲ ಮಾತಾಡಿಕೊಂಡೆವು. ಆದರೆ ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಹೇಳಿದ್ದೇ ಬೇರೆ.

ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್ನರ ಗೊರಕೆ ಕೇಳಿಸಿತ್ತು. ಅವರು ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ರಿಸಿದ್ದರು. ಗಾಢನಿದ್ದೆಯಿಂದ ಎದ್ದವರ ಬುದ್ಧಿಗೆ ಮಂಪರು ತಕ್ಷಣ ಇಳಿಯುವುದಿಲ್ಲ. ಮಂಗಳೂರಿನ ರಾಡಾರ್ ಕೆಟ್ಟಿದ್ದುದರಿಂದ ಕೆಳಗಿಳಿಯಲು ಅನುಮತಿಯೂ ತಡವಾಗಿ ಸಿಕ್ಕಿತ್ತು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹಪೈಲಟ್ ಮೂರು ಬಾರಿ, ಇಳಿಯುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಬಳಿಕ ಬ್ರೇಕ್ ಬಿಟ್ಟು ಮತ್ತೆ ಮೇಲೇರಲು ನೋಡಿದ್ದು ಇನ್ನೊಂದು ತಪ್ಪು. ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಿದ್ದರೆ ವಿಮಾನ ನಿಲ್ಲುತ್ತಿತ್ತೆಂದು ತನಿಖೆ ಅಭಿಪ್ರಾಯಪಟ್ಟಿತು.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ ಇದೇ ಕಥೆ. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಡಚ್ ವಿಮಾನದ ಎಂಜಿನಿಯರ್ ಕೇಳಿದ್ದರು. ಹೆಸರಾಂತ ಕ್ಯಾಪ್ಟನ್ ಆ ಸಂಶಯವನ್ನು ತಳ್ಳಿಹಾಕಿದರು. ಆಮೇಲೆ, ಕಿರಿಯರು ಗಟ್ಟಿಯಾಗಿ ಹೇಳಬೇಕು, ಹಿರಿಯರು ಕೇಳಬೇಕು ಎಂದು ಪೈಲಟ್‌ಗಳಿಗೆ ತರಬೇತಿ ಕೊಡುವ ಪದ್ಧತಿ ಜಗತ್ತಿನಲ್ಲೆಲ್ಲ ಬೆಳೆಯಿತು.

ಮೂವತ್ತಮೂರು ವರ್ಷಗಳಾದರೂ ಅದು ಮಂಗಳೂರಿನ ಆ ಕಾಕ್‌ಪಿಟ್‌ವರೆಗೆ ತಲುಪಿರಲಿಲ್ಲವೆನ್ನಬೇಕೇ? ಆ ಸಹಪೈಲಟ್ಟರನ್ನು ದೂರಲು ನಮಗೆ ಮನಸ್ಸಿಲ್ಲ. ಅವರು ಹೇಳಿದ್ದರು. ಆದರೆ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಲು ಸಹಪೈಲಟ್‌ಗೆ ಅಧಿಕಾರವಿದೆಯೇ ಎಂಬ ಬಗ್ಗೆ ನಿಯಮಗಳಲ್ಲೇ ಸ್ಪಷ್ಟತೆ ಇರಲಿಲ್ಲವೆಂದು ವರದಿ ಗುರುತಿಸಿದೆ.

ಗುರುತು ಸಿಗದ 12 ದೇಹಗಳನ್ನು ಫಲ್ಗುಣಿ ನದಿಯ ದಡದ ಕೂಳೂರಿನಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು.