ನಿನ್ನಿ ಬಂದ ಲೆಕ್ಕ ಇವತ್ತ್ಯಾಕ ಬರಂಗಿಲ್ಲ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಪಾಠದಲ್ಲಿ ಮನಸ್ಸಿಡದ ಹುಡುಗನಿಗೆ ‘ಧ್ಯಾಸ ಎಲ್ಲೈತಲೇ?’ ಎನ್ನುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ನಿನ್ನಿ ಬಂದ ಲೆಕ್ಕ ಇವತ್ತ್ಯಾಕ ಬರಂಗಿಲ್ಲ?’ ನಿನ್ನೆ ಮಾಡಿದವನು ಇವತ್ತು ಮಾಡದಿದ್ದರೆ ಅದು ಸೊಕ್ಕು, ಇಲ್ಲವೇ ಮೈಗಳ್ಳತನ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ನಮ್ಮ ಸೀಮೆಯದಷ್ಟೇ ಅಲ್ಲ. ವಿಜ್ಞಾನವೂ ಬಹುಕಾಲ ಹೀಗೆಯೇ ಯೋಚಿಸಿತ್ತು.

1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮಾಸ್ಕೆಲಿನ್ ತನ್ನ ಸಹಾಯಕ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದ. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಅವನು ಗುರುವಿಗಿಂತ ಸುಮಾರು 0.8 ಸೆಕೆಂಡು ತಡವಾಗಿ ಬರೆಯುತ್ತಿದ್ದ. ಮುಂದೆ ಬೆಸೆಲ್ ಎಂಬ ಖಗೋಳಜ್ಞ ಬೇರೆ ಬೇರೆ ವೀಕ್ಷಕರನ್ನು ಹೋಲಿಸಿ ನೋಡಿದ. ಇಬ್ಬರ ಗಳಿಗೆಗಳು ಒಂದೇ ಆಗಿರುವುದಿಲ್ಲ, ಅದು ಯಾರ ತಪ್ಪೂ ಅಲ್ಲ ಎಂಬುದು ಆಗ ಗೊತ್ತಾಯಿತು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತ ಸಾಗುವ ವೇಗವನ್ನು ಅಳೆದ. 1868ರಲ್ಲಿ ಡಾಂಡರ್ಸ್ ಮನಸ್ಸು ನಿರ್ಧರಿಸಲು ತೆಗೆದುಕೊಳ್ಳುವ ಸಮಯವನ್ನೇ ಲೆಕ್ಕ ಹಾಕಿದ. ಆದರೆ ಈ ಅಳತೆಗಳಲ್ಲಿ ಬೆಲೆ ಇದ್ದದ್ದು ಸರಾಸರಿಗೆ. ಒಬ್ಬನೇ ಮನುಷ್ಯ ಒಮ್ಮೆ ಬೇಗ, ಒಮ್ಮೆ ತಡವಾಗಿ ಉತ್ತರಿಸುವ ಏರುಪೇರು ಕಸದಂತೆ ಬದಿಗೆ ಬಿತ್ತು.

ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರ ಅಳೆಯುತ್ತಿದ್ದಾಗ ನಮ್ಮ ಸುರಪುರದಲ್ಲಿ ಮೆಡೋಸ್ ಟೇಲರ್ ಇದ್ದ. ಬಾಲಕ ರಾಜ ವೆಂಕಟಪ್ಪ ನಾಯಕ ದೊಡ್ಡವನಾಗುವವರೆಗೆ, ಅಂದರೆ 1853ರ ತನಕ, ಸಂಸ್ಥಾನ ಅವನ ಉಸ್ತುವಾರಿಯಲ್ಲಿತ್ತು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1877ರಲ್ಲಿ ಅಚ್ಚಾದ ಟೇಲರನ ಆತ್ಮಕಥೆಯಲ್ಲಿ ಆ ಬಾಲರಾಜ ಮತ್ತೆ ಮತ್ತೆ ಬರುತ್ತಾನೆ. ಅಂಥ ಪುಸ್ತಕ ಹಿಡಿದು ಹಳೆಯ ಮಕ್ಕಳಿಗೆ ಇಂದಿನ ರೋಗದ ಹೆಸರು ಅಂಟಿಸುವುದು ಸರಿಯಲ್ಲ ಎಂಬುದು ನನ್ನ ನಂಬಿಕೆ. ಅಲ್ಲಿ ಉಳಿದಿರುವುದು ಹಿರಿಯರ ಅಭಿಪ್ರಾಯ. ಮಗುವಿನ ಮನಸ್ಸು ಗಳಿಗೆ ಗಳಿಗೆಗೆ ಎಲ್ಲಿತ್ತು ಎಂಬುದನ್ನು ಯಾವ ದಫ್ತರವೂ ಬರೆದಿಡುವುದಿಲ್ಲ. ಶಾಲೆಯ ಹಾಜರಿ ಪುಸ್ತಕವೂ ಅಷ್ಟೇ.

ವೈದ್ಯರ ದಾರಿಯೂ ನೇರವಾಗಿರಲಿಲ್ಲ. 1798ರಲ್ಲಿ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯ ಗಮನ ನಿಲ್ಲದಿರುವುದು ಹುಟ್ಟಿನಿಂದಲೇ ಬರಬಹುದು ಎಂದು ಬರೆದ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕಂಡು ಅದಕ್ಕೆ ‘ನೈತಿಕ ಹತೋಟಿಯ ಕೊರತೆ’ ಎಂದ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ‘ಗಮನದ ಕೊರತೆ’ ಎಂಬ ಹೆಸರು ಬಂದದ್ದು 1980ರಲ್ಲಿ, ಎಡಿಎಚ್‌ಡಿ ಎಂಬುದು 1987ರಲ್ಲಿ.

ಬದಿಗೆ ಬಿದ್ದ ಆ ಏರುಪೇರಿಗೆ ಬೆಲೆ ಬಂದದ್ದು ಇತ್ತೀಚೆಗೆ. ಪರದೆಯ ಮೇಲೆ ಗುರುತು ಕಂಡಾಗಲೆಲ್ಲ ಗುಂಡಿ ಒತ್ತಬೇಕು ಎಂದುಕೊಳ್ಳಿ. ಮಗು 400, 420, 390 ಮಿಲಿಸೆಕೆಂಡಿಗೆ ಒತ್ತುತ್ತಾ ಹೋಗಿ ಥಟ್ಟನೆ ಒಮ್ಮೆ 1200ಕ್ಕೆ ಒತ್ತುತ್ತದೆ. ಧ್ಯಾಸ ಜಾರಿದ ಗಳಿಗೆ ಅದು. ಇಂಥ 319 ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯೊಂದು ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಏರುಪೇರು ಹೆಚ್ಚೆಂದು ತೋರಿಸಿತು. ಈ ಏರುಪೇರನ್ನು ಲೆಕ್ಕಕ್ಕೆ ಹಿಡಿದರೆ ಅವರು ಉಳಿದವರಿಗಿಂತ ನಿಧಾನವೇನಲ್ಲ. ಬೇರೆ ತೊಂದರೆಗಳಿರುವ ಮಕ್ಕಳಲ್ಲೂ, ನಿದ್ದೆಗೆಟ್ಟವರಲ್ಲೂ ಏರುಪೇರು ಕಾಣುವುದರಿಂದ ಈ ಒಂದೇ ಪರೀಕ್ಷೆಯಿಂದ ರೋಗ ಹೇಳಲಾಗದು.

ಹಾಗಾದರೆ ‘ನಿನ್ನೆ ಬಂತು, ಇವತ್ತಿಲ್ಲ’ ಎಂಬುದು ಸೊಕ್ಕಿನ ಸಾಕ್ಷಿಯಲ್ಲ, ತೊಂದರೆಯ ಲಕ್ಷಣವೇ ಆಗಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಶಾಲೆಗೆ ಆ ವೈದ್ಯರು ಬಂದಾಗ ‘ಇವ ದಡ್ಡ’ ಎನ್ನುವ ಬದಲು ‘ಎಲ್ಲಾ ಬರ್ತದ್ರೀ ಸಾಹೇಬ್ರ, ನಡನಡುವ ಧ್ಯಾಸ ತಪ್ತದ’ ಎಂದು ಹೇಳುವ ಮಾಸ್ತರು, ತಾಯಿ ಇದ್ದರೆ ಆ ಮಗುವಿನ ಅರ್ಧ ದಾರಿ ಸವೆದಂತೆ.